ಐದು ವರ್ಷದ ಪ್ಲಾನ್ ಬರೀರಿ ಅಂದ್ಬಿಟ್ಟಿದ್ದಾರೆ, ಎಲ್ಲಿಂದ ಶುರು ಮಾಡ್ಲಿ?

ಓದುಗರ ಪ್ರಶ್ನೆ: ಸಾರ್, ನಾನು ಒಂದು ರಾಷ್ಟ್ರೀಯ ಮಾನಕ ಸಂಸ್ಥೆಯ ಪ್ಲಾನಿಂಗ್ ವಿಭಾಗದಲ್ಲಿದ್ದೀನಿ. ಗುಣಮಟ್ಟ, ಪರಿಸರ ಎರಡರ ಸ್ಟ್ಯಾಂಡರ್ಡ್‌ಗಳೂ ನಮ್ಮಲ್ಲೇ ಆಗೋದು. ಮುಂದಿನ ಐದು ವರ್ಷದ ಸ್ಟ್ರಾಟೆಜಿಕ್ ಪ್ಲಾನ್ ನಾಲ್ಕು ತಿಂಗಳಲ್ಲಿ ರೆಡಿ ಆಗ್ಬೇಕು ಅಂತ ಡೈರೆಕ್ಟರ್ ಹೇಳಿದ್ದಾರೆ. ಹೋದ ಸಲದ್ದು ತೊಂಬತ್ತು ಪುಟ ಇತ್ತು, ಬಿಡುಗಡೆ ಆದ ದಿನ ಬಿಟ್ರೆ ಯಾರೂ ತೆಗೆದು ನೋಡಿಲ್ಲ. ಅದರಲ್ಲಿದ್ದ ದೊಡ್ಡ ಗುರಿ ಎರಡೇ, ಹೊಸ ಸ್ಟ್ಯಾಂಡರ್ಡ್‌ಗಳ ಸಂಖ್ಯೆ ಜಾಸ್ತಿ ಮಾಡೋದು, ಸರ್ಟಿಫಿಕೇಟ್ ಆದಾಯ ಡಬಲ್ ಮಾಡೋದು. ಎರಡೂ ಮುಟ್ಟಿದ್ವಿ. ಆದ್ರೆ ಮಂತ್ರಾಲಯದವರು "ಇದರಿಂದ ಏನಾಯ್ತು" ಅಂತ ಕೇಳಿದಾಗ ನಮ್ಮ ಹತ್ರ ಉತ್ತರ ಇರಲಿಲ್ಲ. ಪರಿಸರ ವಿಭಾಗದವರು ನಮಗೆ ಮಲತಾಯಿ ಧೋರಣೆ, ನಮಗೆ ಬೇರೆ ಪ್ಲಾನ್ ಬೇಕು ಅಂತಿದ್ದಾರೆ. ಒಬ್ಬ ಸೀನಿಯರ್ "ಐಎಸ್‌ಒ (ಅಂತಾರಾಷ್ಟ್ರೀಯ ಮಾನಕ ಸಂಸ್ಥೆ) ಸ್ಟ್ಯಾಂಡರ್ಡ್ ಎಲ್ಲಾ ಹಾಗೇ ಎತ್ಕೊಂಡ್ರೆ ಆಯ್ತು" ಅಂತಾರೆ, ಇನ್ನೊಬ್ರು "ಎಲ್ಲಾ ಕಡ್ಡಾಯ ಮಾಡಿಸಿ, ಆಗ ಜನ ತಾನಾಗೇ ಬರ್ತಾರೆ" ಅಂತಾರೆ. ಕನ್ಸಲ್ಟೆಂಟ್ ಒಂದು ಟೆಂಪ್ಲೇಟ್ ಕೊಟ್ಟಿದ್ದಾರೆ, ವಿಷನ್ ಮಿಷನ್ ಇಂದ ಶುರುವಾಗುತ್ತೆ. ನಾನು ಎಲ್ಲಿಂದ ಶುರು ಮಾಡ್ಲಿ?

ಉತ್ತರ:

ಆ ತೊಂಬತ್ತು ಪುಟದ್ದು ಓದಿ ನಗು ಬಂತು, ಯಾಕಂದ್ರೆ ಅಂಥದ್ದನ್ನ ನಾನೂ ಬರೆದಿದ್ದೀನಿ, ಒಂದಲ್ಲ ಎರಡು ಸಲ. ಹೊಳೆಯೋ ಕವರ್, ಒಳಗೆ ಬಣ್ಣಬಣ್ಣದ ಬಾಣಗಳು, ಎಲ್ಲಾ ಬಾಣನೂ ಮೇಲಕ್ಕೇ ಹೋಗ್ತಿರುತ್ತೆ. ಹಂಗಾಗಿ ನಿಮ್ಮ ಹಿಂದಿನವರನ್ನ ಬೈಯೋಕೆ ನನಗೆ ಬಾಯಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ಸಿದ್ದು ಒಂದೇ ಸಾಲು, ಗುರಿ ಮುಟ್ಟಿದ್ವಿ ಆದ್ರೆ "ಏನಾಯ್ತು" ಅಂದಾಗ ಉತ್ತರ ಇರಲಿಲ್ಲ ಅನ್ನೋದು. ಉಳಿದಿದ್ದೆಲ್ಲಾ, ಅಂದ್ರೆ ಪರಿಸರದವರ ಜಗಳ, ಐಎಸ್‌ಒ ಎತ್ಕೊಳ್ಳೋ ವಿಚಾರ, ಕಡ್ಡಾಯದ ವಿಚಾರ, ಇವೆಲ್ಲಾ ಅದರ ಸುತ್ತಲೇ ಸುತ್ತುತ್ತೆ. ಆದ್ರೆ ಅದಕ್ಕೆ ಹೋಗೋಕೆ ಮುಂಚೆ ನಿಮ್ಮ ಆಫೀಸಲ್ಲಿ ಓಡಾಡ್ತಿರೋ ಕೆಲವು ನಂಬಿಕೆಗಳನ್ನ ಸ್ವಲ್ಪ ಬಿಡಿಸಿ ನೋಡೋಣ, ಇಲ್ಲಾಂದ್ರೆ ಪ್ಲಾನ್ ಬರೆಯೋ ಮೀಟಿಂಗಲ್ಲಿ ಅವೇ ಮತ್ತೆ ಮತ್ತೆ ಎದ್ದು ಬರ್ತವೆ.

ಮೊದಲನೇದು, ಸ್ಟ್ಯಾಂಡರ್ಡ್ ಅಂದ್ರೆ ಕಾನೂನು ಅನ್ನೋದು. ಅಲ್ಲ. ಡಬ್ಲ್ಯುಟಿಒದ (ವಿಶ್ವ ವ್ಯಾಪಾರ ಸಂಸ್ಥೆಯ) ಟಿಬಿಟಿ ಒಪ್ಪಂದ, ಅಂದ್ರೆ ವ್ಯಾಪಾರಕ್ಕೆ ಬರೋ ತಾಂತ್ರಿಕ ಅಡ್ಡಿಗಳ ಬಗ್ಗೆ ಇರೋ ಒಪ್ಪಂದ, ಅದೇ 1995ರ ಜನವರಿ 1ಕ್ಕೆ ಜಾರಿಗೆ ಬಂತಲ್ಲ, ಅದರಲ್ಲಿ ಇವೆರಡನ್ನೂ ಚೊಕ್ಕವಾಗಿ ಬೇರೆ ಮಾಡಿದ್ದಾರೆ, ಸ್ಟ್ಯಾಂಡರ್ಡ್ ಸ್ವಯಂಪ್ರೇರಿತ, ಟೆಕ್ನಿಕಲ್ ರೆಗ್ಯುಲೇಷನ್ ಕಡ್ಡಾಯ. ನೀವು ಬರೆದ ಸ್ಟ್ಯಾಂಡರ್ಡನ್ನ ಸರ್ಕಾರದ ಯಾವುದೋ ಇಲಾಖೆ ತನ್ನ ನಿಯಮದಲ್ಲಿ ಹೆಸರಿಸಿದ್ರೆ ಅದಕ್ಕೆ ಕಾನೂನಿನ ಬಲ ಬರುತ್ತೆ, ಆ ಬಲ ಇಲಾಖೆಯದ್ದು, ನಿಮ್ಮದಲ್ಲ. "ಎಲ್ಲಾ ಕಡ್ಡಾಯ ಮಾಡಿಸಿ" ಅನ್ನೋರು ಇದನ್ನ ಮರೀತಾರೆ. ಕಡ್ಡಾಯ ಮಾಡಿದ ತಕ್ಷಣ ಯಾರು ಚೆಕ್ ಮಾಡ್ತಾರೆ, ಯಾವ ಲ್ಯಾಬಲ್ಲಿ ಟೆಸ್ಟ್ ಆಗುತ್ತೆ, ಫೇಲ್ ಆದ್ರೆ ಮಾಲು ಎಲ್ಲಿ ಹೋಗುತ್ತೆ, ನಮಗೆ ಮಾಲು ಕಳಿಸೋ ದೇಶಗಳಿಗೆ ಮುಂಚಿತವಾಗಿ ತಿಳಿಸಿದ್ದೀವಾ, ಇಷ್ಟೂ ಪ್ರಶ್ನೆ ಒಟ್ಟಿಗೆ ಬಂದು ನಿಂತ್ಕೊಳ್ಳುತ್ತೆ.

ಎರಡನೇದು, ಐಎಸ್‌ಒ 9001 ಇದ್ರೆ ಮಾಲು ಚೆನ್ನಾಗಿದೆ, 14001 ಇದ್ರೆ ಫ್ಯಾಕ್ಟರಿ ಹೊಗೆ ಕಮ್ಮಿ ಅನ್ನೋದು. ಇವೆರಡೂ ಮ್ಯಾನೇಜ್‌ಮೆಂಟ್ ಸಿಸ್ಟಮ್ ಸ್ಟ್ಯಾಂಡರ್ಡ್‌ಗಳು, ಕೆಲಸ ಹೇಗೆ ನಡೆಸ್ತೀರಿ, ತಪ್ಪು ಹೇಗೆ ಹಿಡೀತೀರಿ, ಹೇಗೆ ಸರಿ ಮಾಡ್ತೀರಿ ಅಂತ ಕೇಳ್ತವೆ. 14001ರಲ್ಲಿ ಇಷ್ಟೇ ಹೊಗೆ ಬಿಡ್ಬೇಕು ಅಂತ ಒಂದು ಅಂಕಿನೂ ಇಲ್ಲ, ಆ ಮಿತಿ ಹಾಕೋದು ಆಯಾ ದೇಶದ ಪರಿಸರ ನಿಯಂತ್ರಣ ಇಲಾಖೆ. ಮತ್ತೆ ಐಎಸ್‌ಒ ಯಾರಿಗೂ ಸರ್ಟಿಫಿಕೇಟ್ ಕೊಡಲ್ಲ, ಕೊಡೋದು ಬೇರೆ ಸರ್ಟಿಫಿಕೇಷನ್ ಸಂಸ್ಥೆಗಳು. ಇದು ನಿಮಗೆ ಗೊತ್ತಿರುತ್ತೆ, ಆದ್ರೆ ನಿಮ್ಮ ಬೋರ್ಡಲ್ಲಿ ಕೂತಿರೋ ಎಲ್ಲರಿಗೂ ಗೊತ್ತಿದೆ ಅಂತ ಅಂದ್ಕೋಬೇಡಿ. ಒಂದು ದೇಶದ ಬೋರ್ಡ್ ಮೀಟಿಂಗಲ್ಲಿ ಒಬ್ಬ ಸದಸ್ಯರು ಪಕ್ಕಕ್ಕೆ ಬಂದು "ಐಎಸ್‌ಒ ಇನ್‌ಸ್ಪೆಕ್ಟರ್‌ಗಳು ಯಾವಾಗ ಬರ್ತಾರೆ" ಅಂತ ಮೆಲ್ಲಗೆ ಕೇಳಿದ್ದು ನನಗೆ ಇನ್ನೂ ನೆನಪಿದೆ.

ಮೂರನೇದೇ ನಿಮ್ಮ ಹಳೇ ಪ್ಲಾನ್ ಬಿದ್ದ ಹಳ್ಳ, ಸ್ಟ್ಯಾಂಡರ್ಡ್ ಜಾಸ್ತಿ ಆದಷ್ಟೂ ಒಳ್ಳೇದು ಅನ್ನೋದು. ಇದರ ಬಗ್ಗೆ ಸ್ವಲ್ಪ ಕೂತು ಮಾತಾಡ್ಬೇಕು.

ಸುಮಾರು ವರ್ಷದ ಹಿಂದೆ ಒಂದು ಮಾನಕ ಸಂಸ್ಥೆಗೆ ಪ್ಲಾನ್ ರಿವ್ಯೂ ಮಾಡೋಕೆ ಹೋಗಿದ್ದೆ, ಯಾವುದು ಅಂತ ಬೇಡ. ಹೊಸ ಸ್ಟ್ಯಾಂಡರ್ಡ್‌ಗಳ ಪಟ್ಟಿ ಹೆಮ್ಮೆಯಿಂದ ತೋರಿಸಿದ್ರು. ನಾನು ಕಣ್ಣು ಮುಚ್ಚಿ ಒಂದನ್ನ ಆರಿಸ್ಕೊಂಡೆ, ನೀರಿನ ಗುಣಮಟ್ಟಕ್ಕೆ ಸಂಬಂಧಪಟ್ಟಿದ್ದು, ಅದರಲ್ಲಿ ಒಂದು ಲೋಹದ ಅಂಶ ಅಳೆಯೋ ವಿಧಾನ ಬರೆದಿದ್ರು. ಇದನ್ನ ನಿಮ್ಮ ದೇಶದಲ್ಲಿ ಯಾವ ಲ್ಯಾಬ್ ಮಾಡುತ್ತೆ ಅಂತ ಕೇಳಿದೆ. ಫೋನ್ ಮೇಲೆ ಫೋನ್ ಮಾಡಿದ್ರು, ಕೊನೆಗೆ ಒಂದು ಲ್ಯಾಬ್ ಸಿಕ್ತು, ಹೋಗಿ ನೋಡಿದ್ವಿ. ಮೆಷಿನ್ ಇತ್ತು. ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಹೊದಿಕೆ ಮೇಲೆ ಬೆರಳಲ್ಲಿ ಹೆಸರು ಬರೆಯೋವಷ್ಟು ಧೂಳು, ಪಕ್ಕದಲ್ಲಿ ಕ್ಯಾಲಿಬ್ರೇಷನ್ ಸ್ಟಿಕರ್, ಅದರ ಅವಧಿ ಎಂದೋ ಮುಗಿದಿತ್ತು. ಯಾಕ್ರೀ ಓಡಿಸ್ತಿಲ್ಲ ಅಂದ್ರೆ ಅದಕ್ಕೆ ಬೇಕಾದ ಗ್ಯಾಸ್ ಸಿಲಿಂಡರ್‌ಗೆ ಬಜೆಟ್ ಇಲ್ಲ ಅಂದ ಲ್ಯಾಬಿನ ಹುಡುಗ. ಅಷ್ಟೇ. ಸ್ಟ್ಯಾಂಡರ್ಡ್ ಸಂಖ್ಯೆಯಲ್ಲಿ ಅದು ಒಂದು ಅಂತ ಲೆಕ್ಕ ಆಗಿತ್ತು, ಪ್ಲಾನ್ ಪ್ರಕಾರ ಗುರಿ ಮುಟ್ಟಿತ್ತು.

ಹಿಂಗಾಗೋಕೆ ಕಾರಣ ಯಾರದೋ ಸೋಮಾರಿತನ ಅಲ್ಲ. ಎಣಿಸೋಕೆ ಸುಲಭ ಇರೋದನ್ನ ಗುರಿ ಮಾಡ್ತೀವಿ, ಗುರಿ ಮಾಡಿದ್ಮೇಲೆ ಜನ ಅದನ್ನೇ ತಯಾರು ಮಾಡ್ತಾರೆ. ಸ್ಟ್ಯಾಂಡರ್ಡ್ ಅನ್ನೋದು ಒಂದು ಸರಪಳಿಯ ಒಂದು ಕೊಂಡಿ ಅಷ್ಟೇ, ಅದರ ಹಿಂದೆ ಮಾಪನಶಾಸ್ತ್ರ ಇದೆ, ಟೆಸ್ಟಿಂಗ್ ಲ್ಯಾಬ್ ಇದೆ, ಲ್ಯಾಬ್ ಸರಿಯಾಗಿದೆಯಾ ಅಂತ ನೋಡೋ ಅಕ್ರೆಡಿಟೇಷನ್ ಇದೆ, ಸರ್ಟಿಫಿಕೇಷನ್ ಇದೆ, ಆಮೇಲೆ ಮಾರುಕಟ್ಟೆಯಲ್ಲಿ ಕಣ್ಣಿಡೋರು ಇದ್ದಾರೆ. ಪ್ಲಾನಿಂಗ್ ವಿಭಾಗದವರ ಕಣ್ಣಿಗೆ ತಮ್ಮ ಕೊಂಡಿ ಮಾತ್ರ ಕಾಣುತ್ತೆ.

ಇನ್ನೊಂದು ಕಾರಣ ಕಮಿಟಿಗಳು. ಟೆಕ್ನಿಕಲ್ ಕಮಿಟಿ ಅಂದ್ರೆ ಸಂಬಳ ಇಲ್ಲದ ಕೆಲಸ, ಬರೋ ಪುರುಸೊತ್ತು ಇರೋದು ದೊಡ್ಡ ಕಂಪನಿಗಳ ಜನಕ್ಕೆ, ಸಣ್ಣ ಉದ್ಯಮದವರಿಗೆ ಒಂದು ದಿನ ಬಾಗಿಲು ಹಾಕಿ ಮೀಟಿಂಗಿಗೆ ಬರೋಕಾಗಲ್ಲ, ಗ್ರಾಹಕರ ಕಡೆಯವರಂತೂ ಪಟ್ಟಿಯಲ್ಲಿ ಹೆಸರಾಗಿ ಮಾತ್ರ ಇರ್ತಾರೆ. ಹಂಗಾಗಿ ಏನು ಸ್ಟ್ಯಾಂಡರ್ಡ್ ಬೇಕು ಅನ್ನೋದನ್ನ ಬಂದೋರು ತೀರ್ಮಾನ ಮಾಡ್ತಾರೆ, ಬೇಕಾಗಿದ್ದೋರು ಅಲ್ಲ. ಇದನ್ನ ಸರಿ ಮಾಡೋ ದುಡ್ಡು ನಿಮ್ಮ ಪ್ಲಾನಲ್ಲಿ ಒಂದು ಸಾಲಾಗಿ ಇರ್ಲೇಬೇಕು, ಪ್ರಯಾಣ ಭತ್ಯೆ, ಆನ್‌ಲೈನ್ ಮೀಟಿಂಗ್, ಸಣ್ಣವರಿಗೆ ಅರ್ಥ ಆಗೋ ಭಾಷೆಯಲ್ಲಿ ಡ್ರಾಫ್ಟ್ ಸಾರಾಂಶ, ಹಿಂಗೆ.

ಈಗ ನಿಮ್ಮ ಮುಂದಿರೋ ದಾರಿಗಳು.

ನಿಮ್ಮ ಸೀನಿಯರ್ ಹೇಳೋದು, ಐಎಸ್‌ಒದ್ದು ಹಾಗೇ ಎತ್ಕೊಳ್ಳೋದು. ತಳ್ಳಿ ಹಾಕೋ ಮಾತಲ್ಲ ಇದು. ಕಮ್ಮಿ ಖರ್ಚು, ರಫ್ತು ಮಾಡೋರಿಗೆ ಅನುಕೂಲ, ಟಿಬಿಟಿ ಒಪ್ಪಂದನೂ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡನ್ನೇ ಆಧಾರವಾಗಿ ಇಟ್ಕೊಳ್ಳಿ ಅನ್ನುತ್ತೆ. ಆದ್ರೆ ಅದೇ ಒಪ್ಪಂದ ಹವಾಮಾನ, ಭೌಗೋಳಿಕ ಪರಿಸ್ಥಿತಿ, ಮೂಲಭೂತ ತಾಂತ್ರಿಕ ತೊಂದರೆ ಇಂಥ ಕಾರಣಕ್ಕೆ ಹೊಂದದೇ ಇದ್ರೆ ಬಿಡಬಹುದು ಅಂತಲೂ ಹೇಳುತ್ತೆ. ಹಾಗಾಗಿ ಯಥಾವತ್ತಾಗಿ ತಗೊಳ್ಳೋದು, ಬದಲಾಯಿಸಿ ತಗೊಳ್ಳೋದು ಎರಡಕ್ಕೂ ದಾರಿ ಇದೆ. ಅಪಾಯ ಇರೋದು ಎಲ್ಲಿ ಅಂದ್ರೆ, ಕವರ್ ಪೇಜ್ ಬದಲಾಯಿಸಿ ನೂರಾರು ಎತ್ಕೊಳ್ಳೋದು ಬಹಳ ಸುಲಭ, ಓದಿದೋರು ಯಾರೂ ಇರಲ್ಲ, ಆಮೇಲೆ ಮೂಲದಲ್ಲಿ ತಿದ್ದುಪಡಿ ಬಂದಾಗ ನಿಮ್ಮದು ಹಳೇದಾಗಿ ಉಳ್ಕೊಳ್ಳುತ್ತೆ. ಇನ್ನೊಂದು ವಿಷಯ, ಬರೀ ತಗೊಳ್ಳೋರಾಗಿ ಕೂತ್ರೆ ಬರೆಯೋ ಜಾಗದಲ್ಲಿ ನಿಮ್ಮ ಮಾತೇ ಇರಲ್ಲ. ಐಎಸ್‌ಒ ಕಮಿಟಿಯಲ್ಲಿ ಪಿ ಸದಸ್ಯರಾದ್ರೆ ಭಾಗವಹಿಸಬೇಕು, ಓಟು ಹಾಕ್ಬೇಕು, ಒ ಸದಸ್ಯರಾದ್ರೆ ಗಮನಿಸೋದು. ಹಾಸಿಗೆ ಇದ್ದಷ್ಟು ಕಾಲು ಚಾಚಿ, ನಿಮ್ಮ ದೇಶಕ್ಕೆ ನಿಜವಾಗ್ಲೂ ಬೇಕಾದ ನಾಲ್ಕೈದು ಕಮಿಟಿಯಲ್ಲಿ ಮಾತ್ರ ಪಿ ಆಗಿ ಗಟ್ಟಿಯಾಗಿ ಕೂತ್ಕೊಳ್ಳಿ, ಉಳಿದದ್ದರಲ್ಲಿ ಒ ಆಗಿರಿ ಸಾಕು.

ನಿಮ್ಮ ಸೀನಿಯರ್‌ಗೆ ಇದನ್ನೂ ಹೇಳಿ. ಇವತ್ತು ಇಡೀ ಜಗತ್ತು ಬಳಸೋ 9001, 14001 ಅನ್ನೋ ಈ ಎರಡು ದೊಡ್ಡ ಸ್ಟ್ಯಾಂಡರ್ಡೂ ಒಂದು ರಾಷ್ಟ್ರೀಯ ಸಂಸ್ಥೆಯ ಮೇಜಿಂದಲೇ ಹೊರಟಿದ್ದು. ಬ್ರಿಟಿಷರ ಗುಣಮಟ್ಟದ ಸ್ಟ್ಯಾಂಡರ್ಡ್ ಬಿಎಸ್ 5750 ಬಂದಿದ್ದು 1979ರಲ್ಲಿ, ಅದರ ತಳಹದಿ ಮೇಲೆ 1987ರಲ್ಲಿ ಐಎಸ್‌ಒ 9000 ಸರಣಿ ಬಂತು. ಪರಿಸರಕ್ಕೆ ಅವರದ್ದೇ ಬಿಎಸ್ 7750 1992ರಲ್ಲಿ, ಐಎಸ್‌ಒ 14001 1996ರಲ್ಲಿ. ಎಲ್ಲಾ ದೇಶಕ್ಕೂ ಅಂಥ ಶಕ್ತಿ ಇರಲ್ಲ ಸರಿ, ಆದ್ರೆ ಒಂದು ಚಿಕ್ಕ ವಿಷಯದಲ್ಲಿ ನಿಮ್ಮವರಿಗೆ ಬೇರೆಯವರಿಗಿಂತ ಜಾಸ್ತಿ ಗೊತ್ತಿದ್ರೆ ಅದನ್ನ ಅಲ್ಲಿಗೆ ತಗೊಂಡು ಹೋಗೋಕೆ ಏನು ತಡೆ?

ಎರಡನೇ ದಾರಿ, ಸರ್ಟಿಫಿಕೇಟ್ ಆದಾಯದ ಹಿಂದೆ ಹೋಗೋದು. ನಿಜ ಹೇಳ್ಬೇಕಂದ್ರೆ ಬಹಳಷ್ಟು ಮಾನಕ ಸಂಸ್ಥೆಗಳ ಕರೆಂಟ್ ಬಿಲ್ ಕಟ್ಟೋದೇ ಈ ದುಡ್ಡಲ್ಲಿ, ಅದನ್ನ ಪಾಪ ಅಂತ ನಾನು ಹೇಳಲ್ಲ. ಆದ್ರೆ ಆದಾಯ ಡಬಲ್ ಮಾಡೋದೇ ಪ್ಲಾನಿನ ಗುರಿ ಆದ್ರೆ ಏನಾಗುತ್ತೆ ನೋಡಿ. ಸರ್ಟಿಫಿಕೇಟ್ ಜಾಸ್ತಿ ಮಾರಾಟ ಆಗೋ ವಿಷಯದಲ್ಲಿ ಮಾತ್ರ ಸ್ಟ್ಯಾಂಡರ್ಡ್ ಬರೀತೀರಿ. ಆಡಿಟರ್ ಕಟ್ಟುನಿಟ್ಟಾಗಿದ್ರೆ ಗಿರಾಕಿ ಬೇರೆ ಕಡೆ ಹೋಗ್ತಾರೆ ಅಂತ ಅವರಿಗೆ ಒಳಗಿಂದ್ಲೇ ಒತ್ತಡ ಬರುತ್ತೆ. ಆಮೇಲೆ ಯಾರೋ ಒಬ್ಬ ಜಾಣ ಅಧಿಕಾರಿ "ನಾವೇ ಕನ್ಸಲ್ಟಿಂಗೂ ಮಾಡೋಣ" ಅಂತಾರೆ, ಅಲ್ಲಿಗೆ ಬೇಲಿಯೇ ಎದ್ದು ಹೊಲ ಮೇಯ್ದಂಗಾಯ್ತು. ಸಿಸ್ಟಮ್ ಸರ್ಟಿಫಿಕೇಷನ್‌ಗೆ ಐಎಸ್‌ಒ/ಐಇಸಿ 17021-1, ಪ್ರಾಡಕ್ಟ್ ಸರ್ಟಿಫಿಕೇಷನ್‌ಗೆ 17065, ಎರಡರಲ್ಲೂ ನಿಷ್ಪಕ್ಷಪಾತದ ಬಗ್ಗೆ ಬಿಗಿಯಾದ ಷರತ್ತುಗಳಿವೆ, ಸರ್ಟಿಫಿಕೇಟ್ ಕೊಡೋರು ಅದೇ ವಿಷಯಕ್ಕೆ ಕನ್ಸಲ್ಟಿಂಗ್ ಮಾಡೋ ಹಾಗಿಲ್ಲ. ಅಕ್ರೆಡಿಟೇಷನ್ ಕೊಡೋರು ಸರ್ಟಿಫಿಕೇಷನ್ ಕೆಲಸ ಮಾಡೋ ಹಾಗಿಲ್ಲ ಅಂತ 17011 ಹೇಳುತ್ತೆ. ನಿಮ್ಮ ಸಂಸ್ಥೆಯಲ್ಲಿ ಈ ಮೂರು ಕೆಲಸದಲ್ಲಿ ಎರಡು ಒಂದೇ ಬಾಸ್ ಕೆಳಗೆ ಇದ್ರೆ ಅದನ್ನ ಬಿಡಿಸೋದು ಪ್ಲಾನಿನ ಮೊದಲ ವರ್ಷದ ಕೆಲಸ ಆಗ್ಬೇಕು, ಐದನೇ ವರ್ಷಕ್ಕೆ ತಳ್ಳಿದ್ರೆ ಅದು ಆಗಲ್ಲ.

ಸ್ಟ್ಯಾಂಡರ್ಡ್ ಪ್ರತಿಗಳ ಮಾರಾಟದ ದುಡ್ಡನ್ನೂ ಕಣ್ಣು ಮುಚ್ಚಿ ನಂಬ್ಬೇಡಿ. 2024ರ ಮಾರ್ಚಲ್ಲಿ ಯುರೋಪಿಯನ್ ಯೂನಿಯನ್ನಿನ ನ್ಯಾಯಾಲಯ ಕಾನೂನಿನ ಭಾಗವಾದ ಕೆಲವು ಹಾರ್ಮೊನೈಸ್ಡ್ ಸ್ಟ್ಯಾಂಡರ್ಡ್‌ಗಳನ್ನ (ಯೂನಿಯನ್ನಿನ ಕಾನೂನಿಗೆ ಹೊಂದಿಸಿ ಬರೆದಂಥವು) ಜನಕ್ಕೆ ನೋಡೋಕೆ ಸಿಗೋ ಹಾಗೆ ಮಾಡೋದ್ರಲ್ಲಿ ಸಾರ್ವಜನಿಕ ಹಿತ ಇದೆ ಅಂತ ತೀರ್ಪು ಕೊಡ್ತು. ಕಾನೂನು ಪಾಲಿಸು ಅಂತ ಹೇಳಿ ಆ ಕಾನೂನನ್ನ ದುಡ್ಡು ಕೊಟ್ಟು ಓದು ಅನ್ನೋದು ಎಲ್ಲಾ ಕಡೆನೂ ಪ್ರಶ್ನೆ ಆಗ್ತಿದೆ. ಐದು ವರ್ಷದ ಬಜೆಟಲ್ಲಿ ಈ ಆದಾಯ ಏರುತ್ತೆ ಅಂತ ಬರೆಯೋಕೆ ಮುಂಚೆ ಎರಡು ಸಲ ಯೋಚಿಸಿ.

ಮೂರನೇದು ನಾನು ಸಾಮಾನ್ಯವಾಗಿ ಹೇಳೋ ದಾರಿ, ಕೆಲವೇ ಕ್ಷೇತ್ರ ಆರಿಸ್ಕೊಂಡು ಸರಪಳಿ ಪೂರ್ತಿ ಕಟ್ಟೋದು. ಐದಾರು ಕ್ಷೇತ್ರ, ಪ್ರತಿಯೊಂದರಲ್ಲೂ ಸ್ಟ್ಯಾಂಡರ್ಡ್ ಇದೆಯಾ, ಲ್ಯಾಬ್ ಇದೆಯಾ, ಲ್ಯಾಬಿಗೆ 17025 (ಟೆಸ್ಟಿಂಗ್ ಲ್ಯಾಬ್‌ಗಳ ಐಎಸ್‌ಒ/ಐಇಸಿ ಸ್ಟ್ಯಾಂಡರ್ಡ್) ಪ್ರಕಾರ ಅಕ್ರೆಡಿಟೇಷನ್ ಇದೆಯಾ, ಬಳಸೋ ಇಲಾಖೆ ಅಥವಾ ಉದ್ಯಮ ಇದೆಯಾ, ಎಲ್ಲಾ ಕೊಂಡಿನೂ. ಇದರ ಅಪಾಯನೂ ಹೇಳ್ಬಿಡ್ತೀನಿ. ಬಿಟ್ಟು ಹೋದ ಕ್ಷೇತ್ರದವರು ಗಲಾಟೆ ಮಾಡ್ತಾರೆ, ಮಂತ್ರಿಗಳಿಂದ ಫೋನ್ ಬರುತ್ತೆ, ನೀವು ಆರಿಸಿದ್ದೇ ತಪ್ಪಾಗಿರಬಹುದು ಕೂಡ. ಅದಕ್ಕೆ ಆರಿಸೋ ಕಾರಣಗಳನ್ನ ಆರಿಸೋಕೆ ಮುಂಚೆನೇ ಬರೆದು ಬಹಿರಂಗ ಮಾಡಿ, ಜನರ ಆರೋಗ್ಯಕ್ಕೆ ಅಪಾಯ ಎಷ್ಟು, ರಫ್ತಲ್ಲಿ ಪಾಲು ಎಷ್ಟು, ಪರಿಸರದ ಹಾನಿ ಎಷ್ಟು, ಇಲಾಖೆ ಕೇಳ್ತಿದೆಯಾ ಅಂತ. ಎರಡೂವರೆ ವರ್ಷಕ್ಕೆ ಒಂದು ಮರುಪರಿಶೀಲನೆ, ಆಗ ಒಂದನ್ನ ತೆಗೆದು ಇನ್ನೊಂದು ಸೇರಿಸೋಕೆ ಅವಕಾಶ ಇರ್ಲಿ.

ಪರಿಸರ ವಿಭಾಗದವರ ವಿಷಯ. ಅವರ ಸಿಟ್ಟು ಸರಿ, ಅವರು ಕೇಳ್ತಿರೋ ಪರಿಹಾರ ಪೂರ್ತಿ ಸರಿ ಅಲ್ಲ. 2015ರ 9001, 14001 ಎರಡೂ ಒಂದೇ ಚೌಕಟ್ಟಲ್ಲಿ ಬರೆದಿರೋದು, ಹತ್ತು ಅಧ್ಯಾಯ, ತಲೆಬರಹಗಳೂ ಒಂದೇ. 2024ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿಯಲ್ಲಿ ಹವಾಮಾನ ಬದಲಾವಣೆ ನಿಮಗೆ ಸಂಬಂಧಪಟ್ಟ ವಿಷಯವಾ ಅಂತ ಸಂಸ್ಥೆಗಳು ನೋಡ್ಲೇಬೇಕು ಅನ್ನೋ ಸಾಲು 9001 ಒಳಗೂ ಬಂತು. ಅಂದ್ಮೇಲೆ ಗುಣಮಟ್ಟದವರಿಗೊಂದು ಪರಿಸರದವರಿಗೊಂದು ಅಂತ ಮ್ಯಾನೇಜ್‌ಮೆಂಟ್ ಸಿಸ್ಟಮ್ ಕೆಲಸ ಒಡೆಯೋದ್ರಲ್ಲಿ ಅರ್ಥ ಇಲ್ಲ, ಅದನ್ನ ಸೇರಿಸಿ. ಆದ್ರೆ ಗಾಳಿ, ನೀರು ಅಳೆಯೋ ಸ್ಟ್ಯಾಂಡರ್ಡ್‌ಗಳಿವೆಯಲ್ಲ, ಐಎಸ್‌ಒನಲ್ಲೂ ಗಾಳಿಗೆ ಟಿಸಿ 146, ನೀರಿಗೆ ಟಿಸಿ 147 ಅಂತ ಬೇರೆ ಟೆಕ್ನಿಕಲ್ ಕಮಿಟಿಗಳೇ ಇವೆ, ಅದು ಕೆಮಿಸ್ಟ್‌ಗಳ ಲೋಕ, ಅದರ ಖರ್ಚು, ಅದರ ವೇಗ ಬೇರೆ. ಅದನ್ನ ಸರ್ಟಿಫಿಕೇಟ್ ಆದಾಯದ ತಕ್ಕಡಿಯಲ್ಲಿ ತೂಗಿದ್ರೆ ಯಾವತ್ತೂ ಸೋಲೋದೇ, ಯಾಕಂದ್ರೆ ನದಿ ನೀರು ಅಳೆಯೋ ವಿಧಾನಕ್ಕೆ ಯಾರೂ ಸರ್ಟಿಫಿಕೇಟ್ ಕೊಂಡ್ಕೊಳ್ಳಲ್ಲ. ಮಲತಾಯಿ ಧೋರಣೆ ಹುಟ್ಟಿರೋದು ಇಲ್ಲೇ. ಪ್ಲಾನ್ ಒಂದೇ ಇರ್ಲಿ, ಈ ಕೆಲಸಕ್ಕೆ ಮಾತ್ರ ಆದಾಯದ ಗುರಿ ಇಲ್ಲದ ಪ್ರತ್ಯೇಕ ಬಜೆಟ್ ಸಾಲು ಹಾಕಿ.

ಅವರಿಗೆ ಬೇಗ ಹೆಸರು ತರೋ ಇನ್ನೊಂದು ಕೆಲಸನೂ ಇದೆ. ಪ್ಯಾಕೆಟ್ ಮೇಲೆ "ಪರಿಸರ ಸ್ನೇಹಿ", "ಗ್ರೀನ್" ಅಂತ ಬರ್ಕೊಂಡು ಮಾರೋದು ನೋಡ್ತಿದ್ದೀರಲ್ಲ, ಕಂಪನಿಗಳು ತಾವೇ ಮಾಡ್ಕೊಳ್ಳೋ ಇಂಥ ಹೇಳಿಕೆಗಳಿಗೆ ಐಎಸ್‌ಒ 14021 ಇದೆ, ಇಂಥ ಅಸ್ಪಷ್ಟ ಮಾತು ಬಳಸಬಾರದು ಅಂತ ಅದು ನೇರವಾಗೇ ಹೇಳುತ್ತೆ. ಗ್ರಾಹಕ ರಕ್ಷಣೆ ಇಲಾಖೆ ಜೊತೆ ಕೂತು ಇದನ್ನ ಬಳಕೆಗೆ ತಂದ್ರೆ ಹೊಸ ಸ್ಟ್ಯಾಂಡರ್ಡ್ ಒಂದೂ ಬರೀದೇ ಸಾಮಾನ್ಯ ಜನಕ್ಕೆ ಕಾಣೋ ಕೆಲಸ ಆಗುತ್ತೆ.

ಸರಿ, ನಾಳೆ ಬೆಳಿಗ್ಗೆ ಆಫೀಸಿಗೆ ಹೋಗಿ ಏನು ಮಾಡ್ತೀರಿ? ಟೆಂಪ್ಲೇಟ್ ಮುಚ್ಚಿಡಿ. ನಿಮ್ಮ ಹತ್ರ ಈಗಾಗ್ಲೇ ಇರೋ ಸ್ಟ್ಯಾಂಡರ್ಡ್‌ಗಳ ಪಟ್ಟಿ ಎಕ್ಸೆಲ್‌ಗೆ ಹಾಕಿ, ಪಕ್ಕದಲ್ಲಿ ನಾಲ್ಕು ಕಾಲಂ ಎಳೀರಿ. ಕೊನೇ ಸಲ ರಿವ್ಯೂ ಆಗಿದ್ದು ಯಾವ ವರ್ಷ, ಯಾವ ಕಾನೂನಲ್ಲಿ ಅಥವಾ ಟೆಂಡರಲ್ಲಿ ಇದರ ಹೆಸರಿದೆ, ಹೋದ ಎರಡು ವರ್ಷದಲ್ಲಿ ಎಷ್ಟು ಜನ ತಗೊಂಡ್ರು, ಇದರ ಟೆಸ್ಟ್ ಮಾಡೋ ಲ್ಯಾಬ್ ಇದೆಯಾ. ಐಎಸ್‌ಒ ತನ್ನ ಸ್ಟ್ಯಾಂಡರ್ಡ್‌ಗಳನ್ನ ಐದು ವರ್ಷಕ್ಕೆ ಒಂದ್ಸಲವಾದ್ರೂ ತೆಗೆದು ನೋಡುತ್ತೆ, ಇಟ್ಕೊಳ್ಳೋದಾ, ತಿದ್ದೋದಾ, ವಾಪಸ್ ತಗೊಳ್ಳೋದಾ ಅಂತ. ನಿಮ್ಮ ಪಟ್ಟಿಯಲ್ಲಿ ನಾಲ್ಕೂ ಕಾಲಂ ಖಾಲಿ ಇರೋ ಸಾಲುಗಳು ಬರ್ತವೆ, ಎಷ್ಟು ಅಂತ ನಾನು ಹೇಳಲ್ಲ, ನೀವೇ ನೋಡಿ ಗಾಬರಿ ಆಗ್ತೀರಿ. ಅವನ್ನ ವಾಪಸ್ ತಗೊಳ್ಳೋ ಪ್ರಸ್ತಾಪ ನಿಮ್ಮ ಪ್ಲಾನಿನ ಮೊದಲನೇ ಅಧ್ಯಾಯ ಆಗ್ಲಿ. ಬರೆದ ಕಮಿಟಿಯವರಿಗೆ ಬೇಜಾರಾಗುತ್ತೆ, ಅವರನ್ನ ಕೂರಿಸಿ ಮಾತಾಡ್ಸಿ, ಸುತ್ತೋಲೆಯಲ್ಲಿ ತಿಳಿಸೋ ವಿಷಯ ಅಲ್ಲ ಇದು.

ಈ ಪಟ್ಟಿಗೇ ಒಂದು ತಿಂಗಳು ಬೇಕು, ಕೊಡಿ. ಎರಡನೇ ತಿಂಗಳು ಆಫೀಸಿಂದ ಹೊರಗೆ, ಲ್ಯಾಬ್, ಸಣ್ಣ ಉದ್ಯಮ, ನಿಯಂತ್ರಣ ಇಲಾಖೆ, ಕಸ್ಟಮ್ಸ್, ಗ್ರಾಹಕರ ಸಂಘ. ಪ್ರಶ್ನಾವಳಿ ಇಮೇಲ್ ಮಾಡಿ ಕೂತ್ರೆ ಬರೀ ದೊಡ್ಡವರ ಉತ್ತರ ಬರುತ್ತೆ. ಮೂರನೇ ತಿಂಗಳು ಕ್ಷೇತ್ರದ ಆಯ್ಕೆ ಮತ್ತು ದುಡ್ಡಿನ ಲೆಕ್ಕ, ನಾಲ್ಕನೇದು ಬರೆಯೋದು ಮತ್ತು ಜಗಳ.

ಗುರಿಗಳ ವಿಷಯದಲ್ಲಿ ಮಂತ್ರಾಲಯದವರಿಗೆ ಅಂಕಿ ಬೇಕೇ ಬೇಕು, ಅದು ತಪ್ಪಲ್ಲ, ಬೇರೆ ಅಂಕಿ ಕೊಡಿ. ಒಂದು ಪ್ರಸ್ತಾಪ ಬಂದು ಸ್ಟ್ಯಾಂಡರ್ಡ್ ಆಗೋಕೆ ಎಷ್ಟು ತಿಂಗಳು ಹಿಡೀತು, ಐಎಸ್‌ಒನಲ್ಲಿ 18, 24, 36 ತಿಂಗಳ ಟ್ರ್ಯಾಕ್‌ಗಳಿವೆ, ಅದರ ಪಕ್ಕ ಇಟ್ಟು ನೋಡಬಹುದು. ಡ್ರಾಫ್ಟ್ ಮೇಲೆ ಅಭಿಪ್ರಾಯ ಕೇಳೋಕೆ ಟಿಬಿಟಿಯ ನೀತಿಸಂಹಿತೆ ಕನಿಷ್ಠ 60 ದಿನ ಕೊಡಿ ಅನ್ನುತ್ತೆ, ಆ ದಿನಗಳಲ್ಲಿ ಕಮಿಟಿ ಹೊರಗಿನವರಿಂದ ಎಷ್ಟು ಅಭಿಪ್ರಾಯ ಬಂತು ಅನ್ನೋದು ನನಗೆ ಬಹಳ ಇಷ್ಟದ ಅಂಕಿ, ಸುಳ್ಳು ಹೇಳೋಕೆ ಕಷ್ಟ ಅದರಲ್ಲಿ. ಆರಿಸಿದ ಕ್ಷೇತ್ರಗಳಲ್ಲಿ ದೇಶದೊಳಗೇ ಮಾಡಬಹುದಾದ ಟೆಸ್ಟ್ ಎಷ್ಟು, ರಿವ್ಯೂ ಬಾಕಿ ಇರೋವು ಎಷ್ಟು, ವಾಪಸ್ ತಗೊಂಡಿದ್ದು ಎಷ್ಟು. ಈ ವಾಪಸ್ ತಗೊಂಡ ಸಂಖ್ಯೆನೂ ಸಾಧನೆಯ ಕಾಲಮ್ಮಿನಲ್ಲೇ ಬರ್ಬೇಕು, ಅದಕ್ಕೆ ಡೈರೆಕ್ಟರನ್ನ ಒಪ್ಪಿಸೋದೇ ನಿಮ್ಮ ಕಷ್ಟದ ಮೀಟಿಂಗ್ ಆಗುತ್ತೆ ಅನ್ಸುತ್ತೆ. ಅವರ ಹತ್ರ ಹೋಗುವಾಗ ಎಕ್ಸೆಲ್ ಪೂರ್ತಿ ತಗೊಂಡು ಹೋಗ್ಬೇಡಿ, ನಾಲ್ಕೂ ಕಾಲಂ ಖಾಲಿ ಇರೋ ಹತ್ತು ಸಾಲು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟು ಸುಮ್ನಿರಿ, ಮೊದಲು ಅವರೇ ಮಾತಾಡ್ಲಿ.

ವಿಷನ್ ಮಿಷನ್ ಬಗ್ಗೆ ಕೇಳಿದ್ರಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ಬೇಡ, ನಾಲ್ಕನೇ ತಿಂಗಳ ಕೊನೇ ವಾರ ಒಂದು ಮಧ್ಯಾಹ್ನ ಕೂತು ಬರೀರಿ. ಕನ್ಸಲ್ಟೆಂಟ್‌ಗೆ ದುಡ್ಡು ಕೊಟ್ಟಾಗಿದ್ರೆ ಆ ಎರಡನೇ ತಿಂಗಳಲ್ಲಿ ಲ್ಯಾಬ್ ಸುತ್ತೋಕೆ ಅವರನ್ನೂ ಜೊತೆಗೆ ಕರ್ಕೊಂಡು ಹೋಗಿ.